ಕಾರಣ ಹೇಳದೆ ಜ್ಯೂರಿಯಿಂದ ಕಳಿಸಿದರು, ಇದು ಭೇದಭಾವವೇ?

ಪ್ರಶ್ನೆ: ನಮಸ್ಕಾರ ಸರ್. ನಾನು ಹಾಸನದವಳು. ಕ್ಯಾಲಿಫೋರ್ನಿಯಾಕ್ಕೆ ಬಂದು ಬಹಳ ವರ್ಷವಾಯಿತು. ಸಿಟಿಜನ್‌ಶಿಪ್ ಸಿಕ್ಕ ಮೇಲೆ ಮೊದಲ ಸಲ ರಾಜ್ಯದ ಕೋರ್ಟಿನಿಂದ ಜ್ಯೂರಿ ಡ್ಯೂಟಿಗೆ ಸಮನ್ಸ್ ಬಂತು. ಹಲ್ಲೆಯ ಕೇಸು. ಒಬ್ಬ ಸಾಕ್ಷಿ ಹಿಂದಿಯಲ್ಲಿ ಹೇಳಿಕೆ ಕೊಡುತ್ತಾರೆ, ದುಭಾಷಿ ಇರುತ್ತಾರೆ ಎಂದರು. ಸರ್ಕಾರಿ ವಕೀಲರು ನನಗೆ ಹಿಂದಿ ಬರುತ್ತಾ ಎಂದು ಕೇಳಿದರು. ಮನೆಯಲ್ಲಿ ಕನ್ನಡ, ಹಿಂದಿಯೂ ಬರುತ್ತೆ ಎಂದೆ. ದುಭಾಷಿ ಹೇಳಿದ್ದನ್ನೇ ಒಪ್ಪಿಕೊಳ್ಳುತ್ತೀರಾ ಎಂದರು. ಒಂದು ಕ್ಷಣ ಯೋಚಿಸಿ "ಪ್ರಯತ್ನ ಮಾಡ್ತೀನಿ" ಎಂದೆ. ಸ್ವಲ್ಪ ಹೊತ್ತಿಗೆ ಥ್ಯಾಂಕ್ಸ್ ಹೇಳಿ ನನ್ನನ್ನು ಕಳಿಸಿಬಿಟ್ಟರು. ಕಾರಣ ಹೇಳಲಿಲ್ಲ. ನನಗಿಂತ ಮೊದಲು ಇನ್ನೊಬ್ಬ ಭಾರತೀಯರನ್ನೂ ಕಳಿಸಿದ್ದರು. ನಮ್ಮ ಮುಖ ನೋಡಿ ಹೀಗೆ ಮಾಡಿದರಾ? ಕಾನೂನಿನಲ್ಲಿ ಇದಕ್ಕೆ ಅವಕಾಶ ಇದೆಯಾ? ದೂರು ಕೊಡಬಹುದಾ? ಮುಂದಿನ ಸಲ ಹಿಂದಿ ಬರಲ್ಲ ಅಂತ ಹೇಳಿಬಿಡಲಾ?

ಉತ್ತರ: ನಿಮ್ಮ ಬೇಸರ ನನಗೆ ಅರ್ಥವಾಗುತ್ತದೆ. ಕೆಲಸಕ್ಕೆ ರಜೆ ಹಾಕಿ, ಹೊಸ ದೇಶದ ನಾಗರಿಕರಾಗಿ ಮೊದಲ ಸಲ ನ್ಯಾಯದ ಕೆಲಸಕ್ಕೆ ಹೋಗಿ ಕೂತವರನ್ನು ಎಲ್ಲರೆದುರು ಎಬ್ಬಿಸಿ ಕಳಿಸಿದರೆ ನೋವಾಗುವುದು ಸಹಜ. ನೇರವಾಗಿ ಹೇಳುತ್ತೇನೆ. ಕಾರಣ ಹೇಳದೆ ಜ್ಯೂರರ್‌ಗಳನ್ನು, ಅಂದರೆ ಕೇಸು ಕೇಳಿ ತೀರ್ಮಾನ ಹೇಳಲು ಕರೆಸಿದ ಸಾಮಾನ್ಯ ನಾಗರಿಕರನ್ನು, ಕಳಿಸಲು ಅಲ್ಲಿ ಅವಕಾಶ ಇದೆ. ಜನಾಂಗ, ಧರ್ಮ, ಹೆಣ್ಣೋ ಗಂಡೋ, ಮೂಲ ದೇಶ ಯಾವುದು ಎಂದು ನೋಡಿ ಕಳಿಸಲು ಅವಕಾಶ ಇಲ್ಲ. ಬರೀ ಹಿಂದಿ ಬರುತ್ತದೆ ಎಂದು ಕಳಿಸಿದ್ದರೆ, ಕ್ಯಾಲಿಫೋರ್ನಿಯಾದ ಈಗಿನ ಕಾನೂನು ಅದನ್ನು ಸುಲಭವಾಗಿ ಒಪ್ಪುವುದಿಲ್ಲ. ಆದರೆ ನಿಮ್ಮ "ಪ್ರಯತ್ನ ಮಾಡ್ತೀನಿ" ಎಂಬ ಮಾತು ಸ್ವಲ್ಪ ತೊಡಕು ತಂದಿದೆ. ಅದಕ್ಕೆ ಆಮೇಲೆ ಬರುತ್ತೇನೆ.

ಜ್ಯೂರಿಯಿಂದ ಒಬ್ಬರನ್ನು ಕೈಬಿಡಲು ಎರಡು ದಾರಿ ಇವೆ. ಒಂದು, ಕಾರಣ ಕೊಟ್ಟು ಆಕ್ಷೇಪಿಸುವುದು. ಆರೋಪಿ ನಿಮ್ಮ ನೆಂಟರು, ಅಥವಾ ಕೇಸಿನ ಬಗ್ಗೆ ನೀವು ಆಗಲೇ ತೀರ್ಮಾನ ಮಾಡಿಕೊಂಡಿದ್ದೀರಿ ಎಂದಾದರೆ ವಕೀಲರು ಅದನ್ನು ಹೇಳುತ್ತಾರೆ, ನ್ಯಾಯಾಧೀಶರು ತೂಗಿ ನೋಡಿ ತೀರ್ಮಾನಿಸುತ್ತಾರೆ. ಇಂಥ ಆಕ್ಷೇಪ ಎಷ್ಟು ಬೇಕಾದರೂ ಎತ್ತಬಹುದು. ಇನ್ನೊಂದನ್ನು ಪೆರೆಂಪ್ಟರಿ ಚಾಲೆಂಜ್ ಎನ್ನುತ್ತಾರೆ. ಇದಕ್ಕೆ ಕಾರಣ ಹೇಳಬೇಕಿಲ್ಲ, ಆದರೆ ಲೆಕ್ಕ ಇದೆ. ಕ್ಯಾಲಿಫೋರ್ನಿಯಾದ ಗಂಭೀರ ಕ್ರಿಮಿನಲ್ ಕೇಸುಗಳಲ್ಲಿ ಸಾಮಾನ್ಯವಾಗಿ ಎರಡೂ ಕಡೆಗೆ ಹತ್ತು ಹತ್ತು. ಮರಣದಂಡನೆ, ಜೀವಾವಧಿಯ ಕೇಸಾದರೆ ಇಪ್ಪತ್ತು. ಫೆಡರಲ್ ಕೋರ್ಟಿನಲ್ಲಿ ಗಂಭೀರ ಅಪರಾಧಕ್ಕೆ ಸರ್ಕಾರದ ಕಡೆ 6, ಆರೋಪಿ ಕಡೆ 10. ನಿಮಗೆ ಥ್ಯಾಂಕ್ಸ್ ಹೇಳಿ ಕಳಿಸಿದ್ದು ಈ ಎರಡನೆಯ ದಾರಿಯಲ್ಲಿ.

ಕಾರಣ ಕೇಳುವಂತಿಲ್ಲ ಎಂಬ ಈ ಹಕ್ಕಿನೊಳಗೇ ಭೇದಭಾವ ಬಹಳ ಕಾಲ ಬಚ್ಚಿಟ್ಟುಕೊಂಡಿತ್ತು. ಬಿಳಿಯ ಗಂಡಸರು ಮಾತ್ರ ಜ್ಯೂರಿಯಲ್ಲಿ ಕೂರಬೇಕು ಎಂದಿದ್ದ ವೆಸ್ಟ್ ವರ್ಜೀನಿಯಾದ ಕಾನೂನನ್ನು ಅಮೆರಿಕದ ಸುಪ್ರೀಂ ಕೋರ್ಟ್ 1880ರಲ್ಲೇ ಹೊಡೆದುಹಾಕಿತು. ಅಲ್ಲಿಗೆ ಮುಂಬಾಗಿಲು ತೆರೆಯಿತು. ಆದರೆ ಒಳಗೆ ಬಂದ ಕಪ್ಪು ಜನರನ್ನು ವಕೀಲರು ಒಬ್ಬೊಬ್ಬರನ್ನಾಗಿ, ಕಾರಣ ಹೇಳದೆ, ವಾಪಸ್ ಕಳಿಸುತ್ತಿದ್ದರು. 1965ರ ಸ್ವೇನ್ ತೀರ್ಪು ಇದನ್ನು ಪ್ರಶ್ನಿಸಲು ಒಂದು ದಾರಿ ಇಟ್ಟಿತು, ಆದರೆ ಆ ದಾರಿಯಲ್ಲಿ ನಡೆಯುವುದೇ ಅಸಾಧ್ಯವಾಗಿತ್ತು. ನಿಮ್ಮ ಒಂದು ಕೇಸಿನಲ್ಲಿ ಏನಾಯಿತು ಎಂದು ತೋರಿಸಿದರೆ ಸಾಲದು, ಕೇಸಿನಿಂದ ಕೇಸಿಗೆ ಸರ್ಕಾರಿ ವಕೀಲರು ಹೀಗೇ ಮಾಡಿಕೊಂಡು ಬಂದಿದ್ದಾರೆ ಎಂದು ತೋರಿಸಬೇಕು ಎಂದಿತು. ಆ ದಾಖಲೆಯನ್ನು ಬಡ ಆರೋಪಿ ಎಲ್ಲಿಂದ ತರಬೇಕು?

ಈ ಗೋಡೆ ಒಡೆದದ್ದು 1986ರಲ್ಲಿ. ಕೆಂಟಕಿಯ ಲೂಯಿವಿಲ್ ಊರಿನ ಜೇಮ್ಸ್ ಬ್ಯಾಟ್ಸನ್ ಎಂಬ ಕಪ್ಪು ವ್ಯಕ್ತಿಯ ಮೇಲೆ ಕನ್ನಗಳವಿನ ಕೇಸಿತ್ತು. ಜ್ಯೂರಿ ಆಯ್ಕೆಗೆ ಬಂದವರಲ್ಲಿ ನಾಲ್ವರು ಕಪ್ಪು ಜನ. ಸರ್ಕಾರಿ ವಕೀಲರು ನಾಲ್ವರನ್ನೂ ತೆಗೆದರು. ಉಳಿದದ್ದು ಪೂರಾ ಬಿಳಿಯರ ಜ್ಯೂರಿ. ಬ್ಯಾಟ್ಸನ್ ಪರ ವಕೀಲರು ಆಕ್ಷೇಪಿಸಿದಾಗ, ವಕೀಲರು ಯಾರನ್ನು ಬೇಕಾದರೂ ತೆಗೆಯಬಹುದು ಎಂದು ನ್ಯಾಯಾಧೀಶರು ಸುಮ್ಮನಾದರು. ಸುಪ್ರೀಂ ಕೋರ್ಟ್ ಹಾಗೆ ಸುಮ್ಮನಾಗಲಿಲ್ಲ. ಒಂದೇ ಕೇಸಿನ ಸಂಗತಿ ಸಾಕು ಎಂದಿತು. ಮೂರು ಮೆಟ್ಟಿಲು ಹಾಕಿಕೊಟ್ಟಿತು. ಭೇದಭಾವದ ಅನುಮಾನ ಬರುವಂತಿದೆ ಎಂದು ಆಕ್ಷೇಪಿಸಿದವರು ಮೊದಲು ತೋರಿಸಬೇಕು. ಆಗ ಎದುರು ಪಕ್ಷ ಜನಾಂಗಕ್ಕೆ ಸಂಬಂಧವಿಲ್ಲದ ಒಂದು ಕಾರಣ ಕೊಡಬೇಕು. ಆ ಕಾರಣ ನಿಜವೋ ನೆಪವೋ ಎಂದು ಕೊನೆಗೆ ನ್ಯಾಯಾಧೀಶರು ನಿರ್ಧರಿಸಬೇಕು.

ಆಮೇಲಿನ ಕೆಲವು ವರ್ಷಗಳಲ್ಲಿ ಈ ನಿಯಮ ಬೇಗ ಬೇಗ ಹರಡಿತು. 1991ರಲ್ಲಿ ಸಿವಿಲ್ ಕೇಸುಗಳಿಗೆ, 1992ರಲ್ಲಿ ಆರೋಪಿ ಪರ ವಕೀಲರಿಗೆ, 1994ರಲ್ಲಿ ಹೆಣ್ಣು-ಗಂಡು ಎಂಬ ಭೇದಕ್ಕೂ ಅನ್ವಯಿಸಿತು. 1991ರ ಪವರ್ಸ್ ತೀರ್ಪು ನಿಮಗೆ ತುಂಬ ಮುಖ್ಯ. ಅಲ್ಲಿ ಬಿಳಿಯ ಆರೋಪಿಯೊಬ್ಬ ಕಪ್ಪು ಜ್ಯೂರರ್‌ಗಳನ್ನು ತೆಗೆದದ್ದನ್ನು ಪ್ರಶ್ನಿಸಿದ್ದ. ನಿನಗೇನು ನಷ್ಟ ಎಂದು ಸರ್ಕಾರ ಕೇಳಿತು. ಅನ್ಯಾಯ ಆಗುವುದು ಆರೋಪಿಗೆ ಮಾತ್ರವಲ್ಲ, ಎಬ್ಬಿಸಿ ಕಳಿಸಿದ ಜ್ಯೂರರ್‌ಗೂ ಆಗುತ್ತದೆ, ಅವರ ಪರವಾಗಿ ಆರೋಪಿ ದನಿ ಎತ್ತಬಹುದು ಎಂದು ಕೋರ್ಟ್ ಹೇಳಿತು. ಅಂದರೆ ಸಮಾನತೆಯ ಹಕ್ಕು ಅಲ್ಲಿ ನಿಮ್ಮದೂ ಹೌದು.

ಕಾಗದದ ಮೇಲೆ ಇದೆಲ್ಲ ಚೆನ್ನಾಗಿಯೇ ಇದೆ. ತೊಂದರೆ ಇರುವುದು ಆ ಎರಡನೆಯ ಮೆಟ್ಟಿಲಿನಲ್ಲಿ. ಒಂದು ಕಾರಣ ಹೇಳಲು ಯಾವ ವಕೀಲರಿಗೆ ಬರುವುದಿಲ್ಲ ಹೇಳಿ? 1995ರ ಪರ್ಕೆಟ್ ಕೇಸಿನಲ್ಲಿ ಸರ್ಕಾರಿ ವಕೀಲರು ಒಬ್ಬ ಕಪ್ಪು ಜ್ಯೂರರ್‌ನನ್ನು ತೆಗೆದದ್ದಕ್ಕೆ ಕೊಟ್ಟ ಕಾರಣ ಅವರ ಉದ್ದ ಗುಂಗುರು ಕೂದಲು, ಮೀಸೆ, ಗಡ್ಡ. ಎರಡನೆಯ ಮೆಟ್ಟಿಲಿಗೆ ಅಷ್ಟು ಸಾಕು, ಕಾರಣ ನಂಬುವಂತೆ ಇರಬೇಕೆಂದೇನೂ ಇಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿಬಿಟ್ಟಿತು. ನನ್ನ ಅಭಿಪ್ರಾಯದಲ್ಲಿ ಬ್ಯಾಟ್ಸನ್ ನಿಯಮದ ಹಲ್ಲು ಕಿತ್ತದ್ದು ಇದೇ ತೀರ್ಪು. ಉತ್ತರ ಕ್ಯಾರೊಲೈನಾದಲ್ಲಿ ಸರ್ಕಾರಿ ವಕೀಲರ ತರಬೇತಿಯಲ್ಲಿ ಇಂಥ ಸಿದ್ಧ ಕಾರಣಗಳ ಹಾಳೆಯನ್ನೇ ಹಂಚಿದ್ದರು. ಉಡುಪು ಸರಿ ಇಲ್ಲ, ಧೋರಣೆ ಸರಿ ಇಲ್ಲ, ಮೈಭಾಷೆ ಸರಿ ಇಲ್ಲ, ಹೀಗೆ. ನ್ಯಾಯಾಧೀಶರು ಕೇಳಿದರೆ ಅದರಲ್ಲಿ ಒಂದನ್ನು ಆರಿಸಿ ಹೇಳಿದರೆ ಆಯಿತು.

ಹಾಗಾದರೆ ನೆಪವನ್ನು ಹಿಡಿಯುವುದು ಹೇಗೆ? ಎರಡು ಕೇಸುಗಳನ್ನು ಸ್ವಲ್ಪ ಹತ್ತಿರದಿಂದ ನೋಡೋಣ.

ಜಾರ್ಜಿಯಾದ ಟಿಮತಿ ಫಾಸ್ಟರ್ ಎಂಬ ಕಪ್ಪು ಯುವಕನಿಗೆ 1987ರಲ್ಲಿ ಪೂರಾ ಬಿಳಿಯರ ಜ್ಯೂರಿ ಮರಣದಂಡನೆ ವಿಧಿಸಿತು. ಸರ್ಕಾರಿ ವಕೀಲರು ಪ್ರತಿ ಕಪ್ಪು ಜ್ಯೂರರ್‌ಗೂ ಉದ್ದುದ್ದ ಕಾರಣ ಕೊಟ್ಟಿದ್ದರು. ಕೋರ್ಟುಗಳು ನಂಬಿದವು. ಸುಮಾರು ಇಪ್ಪತ್ತು ವರ್ಷದ ಮೇಲೆ ಫಾಸ್ಟರ್ ಪರ ವಕೀಲರು ಮಾಹಿತಿ ಹಕ್ಕಿನಂಥದೇ ಒಂದು ರಾಜ್ಯ ಕಾನೂನಿನಡಿ ಸರ್ಕಾರಿ ಕಡೆಯ ಫೈಲನ್ನು ತರಿಸಿಕೊಂಡರು. ಜ್ಯೂರರ್‌ಗಳ ಪಟ್ಟಿಯಲ್ಲಿ ಕಪ್ಪು ಜನರ ಹೆಸರಿನ ಮೇಲೆಲ್ಲ ಹಸಿರು ಹೈಲೈಟರ್. ಹಸಿರು ಅಂದರೆ ಕಪ್ಪು ಜನ ಎಂದು ಮೇಲ್ಗಡೆ ವಿವರಣೆ ಬೇರೆ. ಪಕ್ಕದಲ್ಲಿ ಬ್ಲ್ಯಾಕ್ (ಕಪ್ಪು) ಎಂಬುದರ ಇಂಗ್ಲಿಷ್ "ಬಿ" ಅಕ್ಷರ. ಖಂಡಿತ ಬೇಡ ಎಂಬ ಇನ್ನೊಂದು ಪಟ್ಟಿಯಲ್ಲಿ ಮೊದಲ ಐದು ಹೆಸರು ಕಪ್ಪು ಜನರವೇ. ಕೊನೆಗೆ ಒಬ್ಬ ಕಪ್ಪು ವ್ಯಕ್ತಿಯನ್ನು ಇಟ್ಟುಕೊಳ್ಳಲೇಬೇಕಾಗಿ ಬಂದರೆ ಇವರು ಪರವಾಗಿಲ್ಲ ಎಂಬ ಟಿಪ್ಪಣಿಯೂ ಇತ್ತು. 2016ರಲ್ಲಿ ಸುಪ್ರೀಂ ಕೋರ್ಟ್ ಫಾಸ್ಟರ್ ಪರ ತೀರ್ಪು ಕೊಟ್ಟಿತು. ಆದರೆ ಯೋಚಿಸಿ, ಆ ಫೈಲು ಸಿಗದೇ ಹೋಗಿದ್ದರೆ? ಮನಸ್ಸಿನಲ್ಲಿದ್ದದ್ದನ್ನು ಕಾಗದದ ಮೇಲೆ ಬರೆದಿಡುವ ವಕೀಲರು ಎಷ್ಟು ಜನ ಸಿಗುತ್ತಾರೆ?

ಕರ್ಟಿಸ್ ಫ್ಲವರ್ಸ್ ಕೇಸು ಇನ್ನೂ ಘೋರ. ಮಿಸಿಸಿಪ್ಪಿಯ ವಿನೋನಾ ಎಂಬ ಸಣ್ಣ ಊರಿನ ಪೀಠೋಪಕರಣ ಅಂಗಡಿಯಲ್ಲಿ 1996ರಲ್ಲಿ ನಾಲ್ವರ ಕೊಲೆಯಾಯಿತು. ಫ್ಲವರ್ಸ್ ಮೇಲೆ ಒಬ್ಬರೇ ಸರ್ಕಾರಿ ವಕೀಲರು ಆರು ಸಲ ವಿಚಾರಣೆ ನಡೆಸಿದರು. ತೆಗೆಯಲು ಅವಕಾಶವಿದ್ದ 42 ಕಪ್ಪು ಜ್ಯೂರರ್‌ಗಳಲ್ಲಿ 41 ಜನರನ್ನು ತೆಗೆದರು. ಆರನೆಯ ವಿಚಾರಣೆಯಲ್ಲಿ ಐವರು ಕಪ್ಪು ಜ್ಯೂರರ್‌ಗಳನ್ನು ಕೈಬಿಟ್ಟರು. ಆ ಐವರಿಗೆ ಕೇಳಿದ ಪ್ರಶ್ನೆ ಒಟ್ಟು 145. ಜ್ಯೂರಿಯಲ್ಲಿ ಉಳಿಸಿಕೊಂಡ 11 ಬಿಳಿಯರಿಗೆ ಎಲ್ಲ ಸೇರಿ 12. ಕೆದಕಿ ಕೆದಕಿ ಕೇಳಿದರೆ ಯಾರ ಬಾಯಿಂದಲಾದರೂ ಒಂದು ನೆಪ ಸಿಕ್ಕೇ ಸಿಗುತ್ತದೆ. ಒಬ್ಬ ಕಪ್ಪು ಮಹಿಳೆಗೆ ಕೇಸಿನ ಸಾಕ್ಷಿಗಳ ಪರಿಚಯ ಇದೆ ಎಂದು ಒಂದು ಕಾರಣ ಕೊಟ್ಟರು. ಅಷ್ಟು ಸಣ್ಣ ಊರಿನಲ್ಲಿ ಎಲ್ಲರಿಗೂ ಎಲ್ಲರ ಪರಿಚಯ ಇರುತ್ತದೆ. ಹಲವು ಸಾಕ್ಷಿಗಳ ಪರಿಚಯವಿದ್ದ ಬಿಳಿಯರನ್ನು ಹೀಗೆ ಕೆದಕಲೇ ಇಲ್ಲ. 2019ರಲ್ಲಿ ಸುಪ್ರೀಂ ಕೋರ್ಟ್ ಆರನೆಯ ವಿಚಾರಣೆಯಲ್ಲಿ ಆದ ಶಿಕ್ಷೆಯನ್ನು ರದ್ದು ಮಾಡಿತು. ಮರುವರ್ಷ ಸರ್ಕಾರ ಕೇಸನ್ನೇ ಕೈಬಿಟ್ಟಿತು. ಅಷ್ಟರಲ್ಲಿ ಫ್ಲವರ್ಸ್ ಜೈಲಿನಲ್ಲಿ ಎರಡು ದಶಕಕ್ಕಿಂತ ಜಾಸ್ತಿ ಕಳೆದಿದ್ದರು.

ಇಂಥ ಹೋಲಿಕೆಯೇ ಈಗ ವಕೀಲರ ಮುಖ್ಯ ಅಸ್ತ್ರ. ಒಬ್ಬರನ್ನು ತೆಗೆಯಲು ಕೊಟ್ಟ ಕಾರಣ, ಉಳಿಸಿಕೊಂಡ ಇನ್ನೊಬ್ಬರಿಗೂ ಅನ್ವಯಿಸುತ್ತದಾ? ಅನ್ವಯಿಸಿದರೆ ಅವರನ್ನು ಯಾಕೆ ತೆಗೆಯಲಿಲ್ಲ? ನಿಮ್ಮ ವಿಷಯದಲ್ಲೂ ಕೇಳಬೇಕಾದ ಪ್ರಶ್ನೆ ಇದೇ. ಅಲ್ಲಿ ಹಿಂದಿ ಬಲ್ಲ ಭಾರತೀಯರಲ್ಲದವರು ಇದ್ದರಾ? ದುಭಾಷಿಯ ಬಗ್ಗೆ ಬೇರೆಯವರನ್ನೂ ಕೇಳಿದರಾ, ಇಲ್ಲ ನಿಮ್ಮಿಬ್ಬರನ್ನು ಮಾತ್ರವಾ?

ಈಗ ಭಾಷೆಯ ವಿಷಯ. ಅಚ್ಚರಿ ಎಂದರೆ ನಿಮ್ಮ ಅನುಭವಕ್ಕೆ ಬಹಳ ಹತ್ತಿರದ ಕೇಸೊಂದು ಸುಪ್ರೀಂ ಕೋರ್ಟಿಗೇ ಹೋಗಿತ್ತು. ಅದು 1991ರ ಹರ್ನಾಂಡೆಜ್ ಕೇಸು, ನ್ಯೂಯಾರ್ಕಿನ ಬ್ರೂಕ್ಲಿನ್‌ನದು. ಸಾಕ್ಷಿಗಳು ಸ್ಪ್ಯಾನಿಷ್ ಮಾತಾಡುವವರು, ದುಭಾಷಿ ಇದ್ದರು. ಸ್ಪ್ಯಾನಿಷ್ ಬಲ್ಲ ಇಬ್ಬರು ಲ್ಯಾಟಿನೊ ಜ್ಯೂರರ್‌ಗಳನ್ನು, ದುಭಾಷಿಯ ಮಾತನ್ನೇ ಒಪ್ಪುತ್ತೀರಾ ಎಂದು ಸರ್ಕಾರಿ ವಕೀಲರು ಕೇಳಿದರು. ಇಬ್ಬರೂ ಸ್ವಲ್ಪ ತಡವರಿಸಿ ಪ್ರಯತ್ನಿಸುತ್ತೇವೆ ಎಂದರು. ಇಬ್ಬರನ್ನೂ ತೆಗೆದರು. ಭಾಷೆ ಬರುತ್ತದೆ ಎಂದಲ್ಲ, ಆ ತಡವರಿಕೆ ನೋಡಿ ತೆಗೆದೆ ಎಂದು ವಕೀಲರು ವಾದಿಸಿದರು. ಸುಪ್ರೀಂ ಕೋರ್ಟ್ ಒಪ್ಪಿಕೊಂಡಿತು. ಭಾಷೆಯನ್ನು ನೆಪ ಮಾಡಿಕೊಂಡು ಒಂದು ಸಮುದಾಯವನ್ನೇ ಹೊರಗಿಡುವ ಅಪಾಯ ಇದೆ ಎಂದು ಎಚ್ಚರಿಸಿತು, ಅಷ್ಟೇ. ನನಗೆ ಈ ತೀರ್ಪು ಯಾವತ್ತೂ ಸರಿ ಎನಿಸಿಲ್ಲ. ಎರಡು ಭಾಷೆ ಬಲ್ಲವರು ಈ ಪ್ರಶ್ನೆಗೆ ಒಂದು ಕ್ಷಣ ಯೋಚಿಸುವುದು ಪ್ರಾಮಾಣಿಕತೆ. ಕಿವಿಗೆ ಬಿದ್ದ ಮಾತನ್ನು ಕೇಳಿಸಿಕೊಂಡಿಲ್ಲ ಎಂದು ಮನಸ್ಸಿಗೆ ಹೇಳುವುದು ಅಷ್ಟು ಸುಲಭವಾ? ಆ ಭಾಷೆ ಬಾರದವರಿಗೆ ಈ ಪ್ರಶ್ನೆಯೇ ಏಳುವುದಿಲ್ಲ. ಹಾಗಾಗಿ ತಡವರಿಕೆಗೆ ಶಿಕ್ಷೆ ಎಂದರೂ ಅದು ಬೀಳುವುದು ಒಂದೇ ಗುಂಪಿನ ಮೇಲೆ.

ನೀವು ಹೋಗಿದ್ದು ಫೆಡರಲ್ ಕೋರ್ಟ್ ಆಗಿದ್ದರೆ ಮಾತು ಇಲ್ಲಿಗೆ ಮುಗಿಯುತ್ತಿತ್ತು. ಅಲ್ಲಿ ಇವತ್ತಿಗೂ ಬ್ಯಾಟ್ಸನ್ ನಿಯಮವೇ. ಆದರೆ ರಾಜ್ಯಗಳು ಇನ್ನೂ ಬಿಗಿ ನಿಯಮ ಮಾಡಿಕೊಳ್ಳಬಹುದು. 2018ರಲ್ಲಿ ವಾಷಿಂಗ್ಟನ್ ರಾಜ್ಯದ ಸುಪ್ರೀಂ ಕೋರ್ಟ್ ಮೊದಲ ಹೆಜ್ಜೆ ಇಟ್ಟಿತು. ಅದೇ ಜಾಡಿನಲ್ಲಿ ಕ್ಯಾಲಿಫೋರ್ನಿಯಾ 2020ರಲ್ಲಿ ಹೊಸ ಕಾನೂನು ಮಾಡಿತು. 2022ರ ಜನವರಿ 1ರಿಂದ ಕ್ರಿಮಿನಲ್ ಕೇಸುಗಳಿಗೆ ಜಾರಿಯಾಯಿತು. ಸಿವಿಲ್ ಕೇಸುಗಳಿಗೆ 2026ರಿಂದ.

ಈ ಕಾನೂನು ಹಳೆಯ ಮೂರು ಮೆಟ್ಟಿಲನ್ನು ಬದಿಗಿಟ್ಟಿತು. ಆಕ್ಷೇಪ ಬಂದ ಕೂಡಲೇ ವಕೀಲರು ಕಾರಣ ಹೇಳಲೇಬೇಕು, ಮೊದಲು ಅನುಮಾನ ಸಾಬೀತು ಮಾಡಿ ಎನ್ನುವಂತಿಲ್ಲ. ವಕೀಲರ ಮನಸ್ಸಿನಲ್ಲಿ ದುರುದ್ದೇಶ ಇತ್ತು ಎಂದು ತೋರಿಸುವ ಅಗತ್ಯವೂ ಇಲ್ಲ. ಜನಾಂಗ, ಮೂಲ ದೇಶ, ಧರ್ಮ, ಲಿಂಗ ಮೊದಲಾದವು ಇದರಲ್ಲಿ ಪಾತ್ರ ವಹಿಸಿರುವ ಸಾಧ್ಯತೆ ಸಾಕಷ್ಟಿದೆ ಎಂದು ವಿವೇಕವಿರುವ ಹೊರಗಿನವರೊಬ್ಬರಿಗೆ ಅನಿಸಿದರೆ ಸಾಕು. ತನಗೇ ಗೊತ್ತಿಲ್ಲದ ಪೂರ್ವಗ್ರಹ ಮನುಷ್ಯನಲ್ಲಿ ಇರುತ್ತದೆ ಎಂಬುದನ್ನು ಆ ಹೊರಗಿನವರು ತಿಳಿದಿದ್ದಾರೆ ಎಂದೇ ಕಾನೂನು ಭಾವಿಸುತ್ತದೆ. ಇನ್ನೂ ಒಂದು ಒಳ್ಳೆಯ ಅಂಶ: ನೀವು ಯಾವ ಗುಂಪಿನವರು ಎನ್ನುವುದಷ್ಟೇ ಅಲ್ಲ, ನಿಮ್ಮನ್ನು ಯಾವ ಗುಂಪಿನವರು ಎಂದುಕೊಂಡರು ಎನ್ನುವುದೂ ಲೆಕ್ಕಕ್ಕೆ ಬರುತ್ತದೆ. ಹಾಸನದವರನ್ನು ಬೇರಾವುದೋ ದೇಶದವರು ಎಂದುಕೊಂಡು ತೆಗೆದರೂ ತಪ್ಪು ತಪ್ಪೇ.

ಜೊತೆಗೆ ಕೆಲವು ಕಾರಣಗಳನ್ನು ಹೆಸರಿಸಿ, ಇವು ಮೇಲ್ನೋಟಕ್ಕೇ ಸಲ್ಲುವುದಿಲ್ಲ ಎಂದು ಬರೆದಿದೆ. ಪೊಲೀಸರ ಮೇಲೆ ನಂಬಿಕೆ ಇಲ್ಲದಿರುವುದು, ವಾಸವಿರುವ ಬಡಾವಣೆ, ಉಡುಪು, ಕೆಲಸ ಇಲ್ಲದಿರುವುದು, ಮದುವೆಯಾಗದೆ ಮಗು ಪಡೆದಿರುವುದು. ನಿಮಗೆ ಬೇಕಾದ್ದೂ ಆ ಪಟ್ಟಿಯಲ್ಲೇ ಇದೆ: ಇಂಗ್ಲಿಷ್ ಮಾತೃಭಾಷೆ ಅಲ್ಲದಿರುವುದು, ಇನ್ನೊಂದು ಭಾಷೆ ಮಾತಾಡಲು ಬರುವುದು. ಇಂಥ ಕಾರಣ ಕೊಟ್ಟ ವಕೀಲರು, ಅದಕ್ಕೂ ಜನಾಂಗಕ್ಕೂ ಸಂಬಂಧವಿಲ್ಲ, ಈ ಕೇಸಿನಲ್ಲಿ ನಿಷ್ಪಕ್ಷಪಾತವಾಗಿರಲು ಅದು ನಿಜಕ್ಕೂ ಅಡ್ಡಿಯಾಗುತ್ತದೆ ಎಂದು ಗಟ್ಟಿ ಆಧಾರದಿಂದ ತೋರಿಸಬೇಕು. ಕಣ್ಣು ತಪ್ಪಿಸಿದರು, ಮುಖಭಾವ ಸರಿ ಇರಲಿಲ್ಲ, ಉತ್ತರ ಗೊಂದಲವಾಗಿತ್ತು ಎಂಬ ಕಾರಣಗಳಿಗೂ ಕಡಿವಾಣ ಇದೆ. ಹಾಗೆ ನಡೆದದ್ದು ನಿಜ ಎಂದು ನ್ಯಾಯಾಧೀಶರೇ ಖಚಿತಪಡಿಸಬೇಕು, ಕೇಸಿಗೆ ಅದು ಯಾಕೆ ಮುಖ್ಯ ಎಂದು ವಕೀಲರು ವಿವರಿಸಬೇಕು.

ಹಾಗಾಗಿ ನಿಮ್ಮ ಕೇಸಿನ ಬಗ್ಗೆ ನನ್ನ ಅಂದಾಜು ಇದು. ಹಿಂದಿ ಬರುತ್ತದೆ ಎಂಬುದೊಂದೇ ಕಾರಣವಾಗಿದ್ದರೆ ನಿಲ್ಲುವುದು ಕಷ್ಟ. "ಪ್ರಯತ್ನ ಮಾಡ್ತೀನಿ" ಎಂಬ ಮಾತನ್ನು ಹಿಡಿದುಕೊಂಡರೆ ಸರ್ಕಾರಿ ವಕೀಲರಿಗೆ ಸ್ವಲ್ಪ ನೆಲ ಸಿಗುತ್ತದೆ. ಆದರೂ ಇಬ್ಬರು ಭಾರತೀಯರನ್ನು ಕಳಿಸಿದ್ದರಿಂದ ಆಕ್ಷೇಪಿಸಲು ಸಾಕಷ್ಟು ಆಧಾರ ಇತ್ತು ಎಂದೇ ನನ್ನ ಲೆಕ್ಕ.

ಆಕ್ಷೇಪ ಬಂತೋ ಇಲ್ಲವೋ ನಿಮಗೆ ಗೊತ್ತಾಗಿರುವುದಿಲ್ಲ. ಕಾರಣಗಳ ಚರ್ಚೆ ಜ್ಯೂರರ್‌ಗಳ ಕಿವಿಗೆ ಬೀಳದಂತೆ ನಡೆಯಬೇಕು ಎಂದು ಕಾನೂನೇ ಹೇಳುತ್ತದೆ. ನಿಮ್ಮ ಹೆಸರು ಹೇಳುವ ಮೊದಲೋ ಆಮೇಲೋ ಆರೋಪಿ ಪರ ವಕೀಲರು ಆಕ್ಷೇಪಿಸಿರಬಹುದು. ನ್ಯಾಯಾಧೀಶರು ತಾವಾಗಿಯೇ ಪ್ರಶ್ನಿಸಲೂ ಬಹುದು. ಆಕ್ಷೇಪ ಗೆದ್ದರೆ ಕೈಬಿಟ್ಟ ಜ್ಯೂರರ್‌ನನ್ನು ಮತ್ತೆ ಕೂರಿಸಬಹುದು, ಇಲ್ಲವೇ ಬಂದವರನ್ನೆಲ್ಲ ಕಳಿಸಿ ಹೊಸದಾಗಿ ಆಯ್ಕೆ ಶುರು ಮಾಡಬಹುದು. ಆಕ್ಷೇಪವನ್ನು ತಪ್ಪಾಗಿ ತಳ್ಳಿಹಾಕಿದ್ದಾರೆ ಎಂದು ಮೇಲಿನ ಕೋರ್ಟಿಗೆ ಕಂಡರೆ ಶಿಕ್ಷೆ ರದ್ದಾಗಿ ಮರುವಿಚಾರಣೆ ಆಗುತ್ತದೆ.

ನೀವೇ ದೂರು ಕೊಡಬಹುದಾ? ಹಕ್ಕು ನಿಮ್ಮದಾದರೂ ಆ ಕೇಸಿನಲ್ಲಿ ಆಕ್ಷೇಪ ಎತ್ತಬೇಕಾದವರು ಎರಡು ಪಕ್ಷಗಳು, ಇಲ್ಲವೇ ನ್ಯಾಯಾಧೀಶರು. ಅದೂ ಸಾಮಾನ್ಯವಾಗಿ ಜ್ಯೂರಿ ರಚನೆ ಮುಗಿಯುವುದರೊಳಗೆ. ಹೊರಗೆ ಬಂದ ಮೇಲೆ ನಿಮಗೆ ಸುಲಭದ ದಾರಿ ಇಲ್ಲ, ಇದನ್ನು ಮುಚ್ಚಿಡುವುದಿಲ್ಲ. ಪ್ರಶ್ನೆ ಕೇಳಿದ ರೀತಿಯೇ ಅವಮಾನ ಮಾಡುವಂತಿದ್ದರೆ ಕೋರ್ಟಿನ ಜ್ಯೂರಿ ಕಮಿಷನರ್ ಕಚೇರಿಗೆ ಬರೆದು ತಿಳಿಸಿ. ಮುಂದಿನ ಸಲ ಹಾಗಾದರೆ ಅಲ್ಲೇ, ನ್ಯಾಯಾಧೀಶರ ಹತ್ತಿರ ಖಾಸಗಿಯಾಗಿ ಒಂದು ಮಾತು ಹೇಳಬೇಕು ಎಂದು ಕೇಳಿ. ಹಾಗೆ ಕೇಳುವುದು ತಪ್ಪಲ್ಲ.

ಈ ಪೆರೆಂಪ್ಟರಿ ಹಕ್ಕೇ ಬೇಡ ಎನ್ನುವವರೂ ಇದ್ದಾರೆ. ಬ್ಯಾಟ್ಸನ್ ತೀರ್ಪಿನಲ್ಲೇ ನ್ಯಾಯಮೂರ್ತಿ ಥರ್ಗುಡ್ ಮಾರ್ಷಲ್, ಇದನ್ನು ಪೂರ್ತಿ ತೆಗೆಯದೆ ಭೇದಭಾವ ನಿಲ್ಲುವುದಿಲ್ಲ ಎಂದು ಬೇರೆಯಾಗಿ ಬರೆದರು. ಇಂಗ್ಲೆಂಡ್ 1988ರ ಕಾನೂನಿನಲ್ಲಿ ಇದನ್ನು ಕೈಬಿಟ್ಟಿತು. ಕೆನಡಾ 2019ರಲ್ಲಿ, ಅರಿಜೋನಾ ರಾಜ್ಯ 2022ರಲ್ಲಿ. ನನ್ನ ಒಲವೂ ಮಾರ್ಷಲ್ ಅವರ ಕಡೆಗೇ. ಕಾರಣ ಹೇಳಲಾಗದಿದ್ದರೆ ಒಬ್ಬ ನಾಗರಿಕರನ್ನು ಎಬ್ಬಿಸಿ ಕಳಿಸುವುದು ಯಾಕೆ? ಆರೋಪಿಗೂ ಇದು ರಕ್ಷಣೆ ಎಂಬ ವಾದ ಇದೆ, ಅದರಲ್ಲಿ ಹುರುಳೂ ಇದೆ. ಆದರೆ ಇಷ್ಟು ವರ್ಷ ಇದರ ಪೆಟ್ಟು ಯಾರ ಮೇಲೆ ಬಿದ್ದಿದೆ ಎಂದು ನೋಡಿದರೆ ನನಗೆ ಆ ವಾದ ಸಾಲದು.

ನಮ್ಮ ದೇಶಕ್ಕೂ ಈ ಕಥೆ ಹೊಸದಲ್ಲ. ಭಾರತೀಯ ನ್ಯಾಯಾಧೀಶರೂ ಯುರೋಪಿಯನ್ನರ ವಿಚಾರಣೆ ನಡೆಸಬಹುದು ಎಂದ ಇಲ್ಬರ್ಟ್ ಮಸೂದೆಯ ಗಲಾಟೆಯ ಕೊನೆಗೆ, 1884ರಲ್ಲಿ, ಯುರೋಪಿಯನ್ ಆರೋಪಿಗಳಿಗೆ ಅರ್ಧದಷ್ಟಾದರೂ ಬಿಳಿಯರಿರುವ ಜ್ಯೂರಿ ಕೇಳುವ ಹಕ್ಕು ಕೊಟ್ಟಿದ್ದರು. ಆಮೇಲೆ ನೌಕಾಪಡೆಯ ಅಧಿಕಾರಿ ನಾನಾವತಿಯ ಮೇಲಿನ 1959ರ ಕೊಲೆ ಕೇಸು ಬಂತು, ಜ್ಯೂರಿ ಎಂಟಕ್ಕೆ ಒಂದರಂತೆ ನಿರಪರಾಧಿ ಎಂದಿತು, ಬಾಂಬೆ ಹೈಕೋರ್ಟ್ ಆ ತೀರ್ಪನ್ನು ಒಪ್ಪಲಿಲ್ಲ. 1973ರ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಜ್ಯೂರಿಗೆ ಜಾಗವೇ ಇಲ್ಲ. ಹಾಗಾಗಿ ನಮ್ಮಲ್ಲಿಂದ ಹೋದ ಬಹಳ ಜನರಿಗೆ ಈ ವ್ಯವಸ್ಥೆ ಸಿನಿಮಾದಲ್ಲಿ ನೋಡಿ ಮಾತ್ರ ಗೊತ್ತು.

ಇನ್ನು ನಿಮ್ಮ ಕೊನೆಯ ಪ್ರಶ್ನೆ. ಹಿಂದಿ ಬರಲ್ಲ ಎಂದು ದಯವಿಟ್ಟು ಹೇಳಬೇಡಿ. ಜ್ಯೂರಿ ಆಯ್ಕೆಯ ಪ್ರಶ್ನೆಗಳಿಗೆ ನೀವು ಪ್ರಮಾಣ ಮಾಡಿಯೇ ಉತ್ತರಿಸುತ್ತೀರಿ. ಸುಳ್ಳು ಹೇಳಿದರೆ ನಿಮ್ಮ ಮೇಲೇ ಕೇಸಾಗಬಹುದು, ಆ ವಿಚಾರಣೆಯೂ ಹಾಳಾಗಬಹುದು. ಅದರ ಬದಲು ನಿಯಮವನ್ನು ಈಗಲೇ ತಿಳಿದುಕೊಳ್ಳಿ. ಕೋರ್ಟಿನಲ್ಲಿ ಸಾಕ್ಷ್ಯ ಎಂದರೆ ದುಭಾಷಿ ಇಂಗ್ಲಿಷಿನಲ್ಲಿ ಹೇಳಿದ್ದು. ಮೂಲ ಭಾಷೆ ನಿಮಗೆ ಬಂದರೂ ತೀರ್ಮಾನಕ್ಕೆ ಅದನ್ನೇ ಆಧಾರ ಮಾಡಿಕೊಳ್ಳಬೇಕು, ಎಲ್ಲ ಜ್ಯೂರರ್‌ಗಳ ಮುಂದೆ ಒಂದೇ ಸಾಕ್ಷ್ಯ ಇರಲಿ ಎಂಬ ಕಾರಣಕ್ಕೆ. ಅನುವಾದ ತಪ್ಪಿದೆ ಎನಿಸಿದರೆ ಉಳಿದ ಜ್ಯೂರರ್‌ಗಳ ಜೊತೆ ಚರ್ಚಿಸಬೇಡಿ, ಚೀಟಿ ಬರೆದು ಕೋರ್ಟಿನ ಸಿಬ್ಬಂದಿ ಕೈಯಲ್ಲಿ ನ್ಯಾಯಾಧೀಶರಿಗೆ ಕಳಿಸಿ. ಮತ್ತೆ ಯಾರಾದರೂ ಅದೇ ಪ್ರಶ್ನೆ ಕೇಳಿದರೆ ಹೀಗೆ ಹೇಳಿ: "ಹೌದು, ನನಗೆ ಹಿಂದಿ ಬರುತ್ತದೆ. ದುಭಾಷಿ ಹೇಳಿದ್ದೇ ಸಾಕ್ಷ್ಯ ಎಂದು ನನಗೆ ಗೊತ್ತು, ಅದನ್ನೇ ಪಾಲಿಸುತ್ತೇನೆ." ಅದು ನಿಮ್ಮ ಮನಸ್ಸಿನ ಮಾತೂ ಆಗಿದ್ದರೆ ಮಾತ್ರ. ಕ್ಯಾಲಿಫೋರ್ನಿಯಾದಲ್ಲಿ ಒಂದು ಸಲ ಹೋಗಿ ಬಂದ ಮೇಲೆ ಸಾಮಾನ್ಯವಾಗಿ ಕನಿಷ್ಠ ಒಂದು ವರ್ಷ ಮತ್ತೆ ಹಾಜರಾಗಬೇಕಾಗಿಲ್ಲ, ಆಮೇಲೆ ಮತ್ತೆ ಸಮನ್ಸ್ ಬರಬಹುದು. ಬಂದರೆ ಖಂಡಿತ ಹೋಗಿ. ರಜೆಯ ವಿಷಯವನ್ನು ಆಫೀಸಿಗೆ ಮೊದಲೇ ಬರೆದು ತಿಳಿಸಿ. ಜ್ಯೂರಿಗೆ ಹೋದರು ಎಂದು ಯಾರನ್ನೂ ಕೆಲಸದಿಂದ ತೆಗೆಯುವಂತಿಲ್ಲ.